ಕೊನೆಯ ಸೆಕೆಂಡಿನಲ್ಲಿ ಬಿಡ್ ಮಾಡಿದರೆ ಗೆಲುವು ಖಚಿತವೇ? ಆನ್‌ಲೈನ್ ಹರಾಜಿನ ಗಡಿಯಾರದ ಲೆಕ್ಕಾಚಾರ ಹೀಗಿದೆ

ಹೈದರಾಬಾದ್‌ನ ಬಾಲಾಪುರ ಗಣೇಶನ ಲಡ್ಡು ಹರಾಜು ನೋಡಿದವರಿಗೆ ಈ ದೃಶ್ಯ ಚಿರಪರಿಚಿತ. ಒಬ್ಬರು ಒಂದು ಮೊತ್ತ ಕೂಗುತ್ತಾರೆ, ಇನ್ನೊಬ್ಬರು ಅದರ ಮೇಲೆ ಕೂಗುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. 1994ರಲ್ಲಿ 450 ರೂಪಾಯಿಗೆ ಹೋಗಿದ್ದ ಈ ಲಡ್ಡು 2024ರಲ್ಲಿ 30.01 ಲಕ್ಷ ರೂಪಾಯಿಗೆ ಹೋಯಿತು. ನಮ್ಮೂರ ಜಾತ್ರೆಯ ಸವಾಲಿನಲ್ಲೂ ನಡೆಯುವುದು ಇದೇ. 'ಒಂದು ಸಾರಿ, ಎರಡು ಸಾರಿ, ಮೂರು ಸಾರಿ' ಎಂದು ಕೂಗಿದ ಮೇಲೂ ಯಾರೂ ಬಾಯಿ ಬಿಡದಿದ್ದರೆ ಮಾತ್ರ ಹರಾಜು ಮುಗಿಯುತ್ತದೆ. ಇಲ್ಲಿ ಹರಾಜು ನಿಲ್ಲಿಸುವುದು ಗಡಿಯಾರವಲ್ಲ, ಜನರ ಮೌನ.

ಆನ್‌ಲೈನ್ ಹರಾಜಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಪರದೆಯ ಮೂಲೆಯಲ್ಲಿ ಒಂದು ಟೈಮರ್ ಓಡುತ್ತಿರುತ್ತದೆ. ಮೂರು ದಿನಗಳಿಂದ ಮುಂದಿದ್ದವರು ಗೆದ್ದೆವು ಎಂದುಕೊಳ್ಳುವಾಗಲೇ, ಕೊನೆಯ ಐದು ಸೆಕೆಂಡಿನಲ್ಲಿ ಅಪರಿಚಿತರೊಬ್ಬರು ಬಂದು ವಸ್ತುವನ್ನು ಎತ್ತಿಕೊಂಡು ಹೋಗುತ್ತಾರೆ. ಉತ್ತರ ಕೊಡಲು ಸಮಯವೇ ಇರುವುದಿಲ್ಲ. ಇದಕ್ಕೆ 'ಸ್ನೈಪಿಂಗ್' ಎಂದು ಹೆಸರು. ಅಡಗಿ ಕೂತು ಗುರಿಯಿಟ್ಟು ಹೊಡೆಯುವ ಬಂದೂಕುಧಾರಿಯಿಂದ ಬಂದ ಪದ ಇದು.

ಇದು ಮೋಸವೇ? ಜಾಣತನವೇ? ಬ್ಯಾಂಕ್ ಹರಾಜಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟವರಿಗೂ ಈ ತಂತ್ರ ಕೆಲಸಕ್ಕೆ ಬರುತ್ತದೆಯೇ? ಉತ್ತರ ಇರುವುದು ಬೆರಳಿನ ವೇಗದಲ್ಲಲ್ಲ. ಹರಾಜು ಹೇಗೆ ಮುಗಿಯುತ್ತದೆ ಎಂಬ ಒಂದು ಸಾಲಿನ ನಿಯಮದಲ್ಲಿ.

ಶುರುವಾಗಿದ್ದು ಎಲ್ಲಿಂದ?

ಅಮೆರಿಕದ ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ತಂತ್ರಜ್ಞ ಪಿಯರ್ ಒಮಿಡ್ಯಾರ್ 1995ರ ಸೆಪ್ಟೆಂಬರ್‌ನಲ್ಲಿ 'ಆಕ್ಷನ್‌ವೆಬ್' ಎಂಬ ತಾಣ ಆರಂಭಿಸಿದರು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಈ ತಾಣವೇ 1997ರಲ್ಲಿ 'ಇಬೇ' ಆಯಿತು. ಭಾರತಕ್ಕೂ ಇದು ಬಂದಿತ್ತು. ಮುಂಬೈ ಮೂಲದ ಬಾಜೀ ಡಾಟ್ ಕಾಮ್ ಅನ್ನು 2004ರಲ್ಲಿ ಖರೀದಿಸಿದ ಇಬೇ, ಅದನ್ನು ಇಬೇ ಇಂಡಿಯಾ ಎಂದು ನಡೆಸಿತು. 2017ರಲ್ಲಿ ಅದು ಫ್ಲಿಪ್‌ಕಾರ್ಟ್ ಕೈ ಸೇರಿ, 2018ರ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚಿತು.

ಇಬೇ ಹರಾಜಿನ ಎರಡು ನಿಯಮಗಳು ಇಲ್ಲಿ ಮುಖ್ಯ. ಮೊದಲನೆಯದು, ಹರಾಜು ನಿಗದಿತ ಸೆಕೆಂಡಿಗೆ ಮುಗಿಯುತ್ತದೆ. ಎಷ್ಟೇ ಪೈಪೋಟಿ ಇದ್ದರೂ ಒಂದು ಕ್ಷಣವೂ ಮುಂದಕ್ಕೆ ಹೋಗುವುದಿಲ್ಲ. ಎರಡನೆಯದು, ಅಲ್ಲಿ ನಿಮ್ಮ ಪರವಾಗಿ ಕಂಪ್ಯೂಟರ್ ಬಿಡ್ ಮಾಡುತ್ತದೆ. ಇದನ್ನು 'ಪ್ರಾಕ್ಸಿ ಬಿಡ್ಡಿಂಗ್' ಎನ್ನುತ್ತಾರೆ. ನೀವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಒಮ್ಮೆ ನಮೂದಿಸಿದರೆ ಸಾಕು. ಎದುರಾಳಿಯನ್ನು ಹಿಂದಿಕ್ಕಲು ಬೇಕಾದಷ್ಟನ್ನೇ ವ್ಯವಸ್ಥೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಏರಿಸುತ್ತಾ ಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ಹಳೆಯ ಕ್ಯಾಮೆರಾ ಒಂದು ಹರಾಜಿಗಿದೆ, ಪ್ರತಿ ಹೆಜ್ಜೆ 100 ರೂಪಾಯಿ. ರಮೇಶ್ ಎಂಬುವರು ಗರಿಷ್ಠ 5,000 ಎಂದು ನಮೂದಿಸಿದ್ದಾರೆ, ಸುಮಾ ಎಂಬುವರು 4,000 ಎಂದು. ಆಗ ಪರದೆಯಲ್ಲಿ ಕಾಣುವ ಬೆಲೆ 4,100, ಮುಂದಿರುವವರು ರಮೇಶ್. ಅವರ ಮನಸ್ಸಿನಲ್ಲಿರುವ 5,000 ಯಾರಿಗೂ ಕಾಣುವುದಿಲ್ಲ. ಗೆದ್ದರೆ ಅವರು ಕೊಡಬೇಕಾದದ್ದೂ 4,100 ಮಾತ್ರ.

ಅಂದರೆ ಗೆದ್ದವರು ಕೊಡುವುದು ತಮ್ಮ ಗರಿಷ್ಠ ಮೊತ್ತವನ್ನಲ್ಲ, ಎರಡನೇ ಸ್ಥಾನದಲ್ಲಿರುವವರ ಮೊತ್ತಕ್ಕಿಂತ ಒಂದು ಹೆಜ್ಜೆ ಮೇಲಿನ ಬೆಲೆಯನ್ನು. ಇಂತಹ ಹರಾಜಿನ ತರ್ಕವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ವಿವರಿಸಿದ್ದರು. ಎರಡನೇ ಬೆಲೆಗೆ ಮಾರುವ ಮುಚ್ಚಿದ ಹರಾಜಿನಲ್ಲಿ ನಿಜವಾಗಿ ಎಷ್ಟು ಕೊಡಬಲ್ಲಿರೋ ಅಷ್ಟನ್ನೇ ಬರೆಯುವುದು ಅತ್ಯುತ್ತಮ ಮಾರ್ಗ ಎಂಬುದು ಅವರ ವಾದದ ಸಾರ. ಇಂತಹ ಕೆಲಸಕ್ಕಾಗಿ ಅವರಿಗೆ 1996ರಲ್ಲಿ ನೊಬೆಲ್ ಪುರಸ್ಕಾರ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಅವರು ತೀರಿಕೊಂಡರು.

ಹಾಗಾದರೆ ಕೊನೆಯವರೆಗೆ ಕಾಯುವುದೇಕೆ?

ಕಂಪ್ಯೂಟರ್ ತಾನೇ ನೋಡಿಕೊಳ್ಳುವುದಾದರೆ ಮೊದಲ ದಿನವೇ ಗರಿಷ್ಠ ಮೊತ್ತ ಬರೆದು ನಿದ್ದೆ ಮಾಡಬಹುದಲ್ಲವೇ? ಕಾಗದದ ಮೇಲೆ ಇದು ಸರಿ. ಆದರೆ ಮನುಷ್ಯರು ಹಾಗೆ ನಡೆದುಕೊಳ್ಳುವುದಿಲ್ಲ.

ಅದೇ ಕ್ಯಾಮೆರಾವನ್ನು ಮತ್ತೆ ನೋಡಿ. ಕೊನೆಯ ಮೂರು ಸೆಕೆಂಡಿನಲ್ಲಿ ಇಕ್ಬಾಲ್ ಎಂಬುವರು 6,000 ಎಂದು ನಮೂದಿಸುತ್ತಾರೆ. ಬೆಲೆ 5,100ಕ್ಕೆ ಏರಿ ಹರಾಜು ಮುಗಿಯುತ್ತದೆ, ಕ್ಯಾಮೆರಾ ಇಕ್ಬಾಲ್‌ಗೆ. ಇದೇ ಬಿಡ್ ಹಿಂದಿನ ದಿನ ಬಂದಿದ್ದರೆ ಏನಾಗುತ್ತಿತ್ತು? ರಮೇಶ್ ಅದನ್ನು ನೋಡಿ, 'ಇನ್ನೊಂದು ಸಾವಿರ ತಾನೇ' ಎಂದು 6,500ಕ್ಕೆ ಏರಿಸಿರುತ್ತಿದ್ದರು. ಕಾದಿದ್ದರಿಂದ ಇಕ್ಬಾಲ್ ಆ ಯೋಚನೆಗೆ ಅವಕಾಶವನ್ನೇ ಕೊಡಲಿಲ್ಲ.

ಈಗ ಇನ್ನೊಂದು ಸಾಧ್ಯತೆ. ರಮೇಶ್ ಮೊದಲೇ ತಮ್ಮ ನಿಜವಾದ ಮಿತಿ 7,000 ಎಂದು ನಮೂದಿಸಿದ್ದರೆ? ಆಗ ಇಕ್ಬಾಲ್ ಕೊನೆಯ ಸೆಕೆಂಡಿನಲ್ಲಿ ಬಂದರೂ ಪ್ರಯೋಜನವಿಲ್ಲ. ಕ್ಯಾಮೆರಾ 6,100ಕ್ಕೆ ರಮೇಶ್ ಅವರದೇ ಆಗುತ್ತಿತ್ತು. ಸ್ನೈಪಿಂಗ್ ಸೋಲಿಸುವುದು ತಮ್ಮ ಮಿತಿ ಎಷ್ಟೆಂದು ಇನ್ನೂ ತೀರ್ಮಾನಿಸದವರನ್ನು. ತೀರ್ಮಾನಿಸಿ ಬರೆದಿಟ್ಟವರ ಮುಂದೆ ಅದರ ಆಟ ನಡೆಯುವುದಿಲ್ಲ.

ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ನಾಣ್ಯ, ಕಲಾಕೃತಿ, ಪುರಾತನ ಪೀಠೋಪಕರಣಗಳ ವಿಷಯದಲ್ಲಿ ವಸ್ತು ಅಸಲಿಯೋ ನಕಲಿಯೋ ಎಂಬುದು ಬಲ್ಲವರಿಗಷ್ಟೇ ಗೊತ್ತು. ಅಂತಹ ತಜ್ಞರು ಮೊದಲೇ ಬಿಡ್ ಮಾಡಿದರೆ, 'ಅವರೇ ಕೊಳ್ಳುತ್ತಿದ್ದಾರೆಂದರೆ ಇದರಲ್ಲಿ ಏನೋ ಇದೆ' ಎಂದು ಉಳಿದವರೂ ಮುಗಿಬೀಳುತ್ತಾರೆ. ಹಾಗಾಗಿ ತಿಳಿದವರು ಕೊನೆಯವರೆಗೆ ಸುಮ್ಮನಿರುತ್ತಾರೆ.

ಇಬೇ ಮತ್ತು ಅಮೆಜಾನ್: ಒಂದೇ ವಸ್ತು, ಎರಡು ನಿಯಮ

ಇದನ್ನೆಲ್ಲ ಅಂಕಿಅಂಶಗಳಿಂದ ತೋರಿಸಿದವರು ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್. ಅವರ ಅಧ್ಯಯನ 2002ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ರಾತ್ 2012ರಲ್ಲಿ ಲಾಯ್ಡ್ ಶಾಪ್ಲಿ ಜೊತೆ ನೊಬೆಲ್ ಹಂಚಿಕೊಂಡರು.

ಅವರಿಗೆ ಅನುಕೂಲವಾಗಿ ಒದಗಿದ್ದು ಅಮೆಜಾನ್. 1999ರಲ್ಲಿ ಅಮೆಜಾನ್ ಕೂಡ ಹರಾಜು ವಿಭಾಗ ತೆರೆದಿತ್ತು. ಅಲ್ಲೂ ಗರಿಷ್ಠ ಮೊತ್ತ ನಮೂದಿಸುವ ವ್ಯವಸ್ಥೆಯೇ ಇತ್ತು. ಆದರೆ ಮುಕ್ತಾಯದ ನಿಯಮ ಬೇರೆ. ಕೊನೆಯ 10 ನಿಮಿಷಗಳಲ್ಲಿ ಯಾರಾದರೂ ಬಿಡ್ ಮಾಡಿದರೆ ಹರಾಜು ತಾನಾಗಿ ವಿಸ್ತರಣೆಯಾಗುತ್ತಿತ್ತು. ಸತತ 10 ನಿಮಿಷ ಯಾರೂ ಬಿಡ್ ಮಾಡದಿದ್ದಾಗ ಮಾತ್ರ ಅದು ಮುಗಿಯುತ್ತಿತ್ತು. ಒಂದು ರೀತಿಯಲ್ಲಿ ನಮ್ಮೂರ 'ಮೂರು ಸಾರಿ'ಯ ನಿಯಮವೇ ಕಂಪ್ಯೂಟರ್‌ಗೆ ಬಂದಂತೆ.

ಫಲಿತಾಂಶದಲ್ಲಿ ಭಾರೀ ವ್ಯತ್ಯಾಸ ಕಂಡಿತು. ಇಬೇಯಲ್ಲಿ ಕಂಪ್ಯೂಟರ್ ಹರಾಜುಗಳ ಪೈಕಿ ಶೇ 40ರಲ್ಲಿ, ಪುರಾತನ ವಸ್ತುಗಳ ಹರಾಜುಗಳ ಪೈಕಿ ಶೇ 59ರಲ್ಲಿ ಕೊನೆಯ ಬಿಡ್ ಬಂದದ್ದು ಕೊನೆಯ ಐದು ನಿಮಿಷಗಳಲ್ಲಿ. ಅಮೆಜಾನ್‌ನಲ್ಲಿ ಈ ಪ್ರಮಾಣ ಎರಡೂ ವಿಭಾಗಗಳಲ್ಲಿ ಸುಮಾರು ಶೇ 3 ಮಾತ್ರ. ತಜ್ಞರ ಕಣ್ಣು ಮುಖ್ಯವಾಗುವ ಪುರಾತನ ವಸ್ತುಗಳಲ್ಲಿ ತಡವಾದ ಬಿಡ್‌ಗಳು ಹೆಚ್ಚಿದ್ದದ್ದನ್ನೂ ಗಮನಿಸಿ.

ಇನ್ನೂ ಕುತೂಹಲದ ಸಂಗತಿ ಅನುಭವಿಗಳ ನಡವಳಿಕೆ. ಇಬೇಯಲ್ಲಿ ಹೆಚ್ಚು ಪಳಗಿದವರು ಹೆಚ್ಚು ತಡವಾಗಿ ಬಿಡ್ ಮಾಡುತ್ತಿದ್ದರು. ಅಮೆಜಾನ್‌ನಲ್ಲಿ ಪಳಗಿದವರು ಬೇಗ ಬಿಡ್ ಮಾಡುತ್ತಿದ್ದರು. ಅಂದರೆ ಕೊನೆಯ ಸೆಕೆಂಡಿನ ಆತುರ ಜನರ ಹುಟ್ಟುಗುಣವಲ್ಲ. ಇದ್ದ ನಿಯಮಕ್ಕೆ ತಕ್ಕಂತೆ ಅವರು ಆಡಲು ಕಲಿತಿದ್ದರು, ಅಷ್ಟೇ. ಇದೇ ತಂಡ ಸಹೋದ್ಯೋಗಿಯೊಬ್ಬರ ಜೊತೆ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗಾಲಯ ಅಧ್ಯಯನದಲ್ಲೂ ಇದೇ ಕಂಡಿತು. ಗಡಿಯಾರ ಹಿಗ್ಗುವ ಹರಾಜಿನಲ್ಲಿ ಮಾರುವವರಿಗೆ ಹೆಚ್ಚು ಹಣ ಸಿಕ್ಕಿತು.

ನ್ಯೂಜಿಲೆಂಡ್‌ನ 'ಟ್ರೇಡ್ ಮಿ' ತಾಣದಲ್ಲಿ ಈಗಲೂ ಕೊನೆಯ ಎರಡು ನಿಮಿಷಗಳಲ್ಲಿ ಬಿಡ್ ಬಂದರೆ ಹರಾಜು ಎರಡು ನಿಮಿಷ ಮುಂದಕ್ಕೆ ಹೋಗುತ್ತದೆ. ಇಬೇ ಮಾತ್ರ ನಿಗದಿತ ಸಮಯಕ್ಕೇ ಅಂಟಿಕೊಂಡಿದೆ. ಸ್ನೈಪಿಂಗ್ ಅದರ ನಿಯಮಗಳ ಪ್ರಕಾರ ತಪ್ಪಲ್ಲ. ಬಳಕೆದಾರರ ಪರವಾಗಿ ಕೊನೆಯ ಸೆಕೆಂಡುಗಳಲ್ಲಿ ಬಿಡ್ ಹಾಕಿಕೊಡುವ ಸಾಫ್ಟ್‌ವೇರ್ ಸೇವೆಗಳೂ ಹುಟ್ಟಿಕೊಂಡವು.

ಮೇಣದಬತ್ತಿಯ ಕಾಲದಿಂದಲೂ ಇದೆ ಈ ಆಟ

ಇದನ್ನು ಇಂಟರ್ನೆಟ್ ಕಾಲದ ಚಾಳಿ ಎಂದುಕೊಳ್ಳಬೇಕಿಲ್ಲ. 17ನೇ ಶತಮಾನದ ಇಂಗ್ಲೆಂಡ್‌ನಲ್ಲಿ ಮೇಣದಬತ್ತಿಯ ಹರಾಜು ನಡೆಯುತ್ತಿತ್ತು. ಒಂದು ಅಂಗುಲದಷ್ಟು ಮೇಣದಬತ್ತಿ ಹಚ್ಚಿಡುತ್ತಿದ್ದರು. ಜ್ವಾಲೆ ಆರುವ ಕ್ಷಣಕ್ಕೆ ಯಾರ ಬಿಡ್ ಕೊನೆಯದೋ ವಸ್ತು ಅವರದು. ಬತ್ತಿ ಯಾವಾಗ ಆರುತ್ತದೆ ಎಂದು ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಕಾಯುತ್ತಾ ಕೂತರೆ ಅವಕಾಶವೇ ತಪ್ಪಬಹುದು ಎಂಬ ಭಯವೇ ಈ ವ್ಯವಸ್ಥೆಯ ಜೀವಾಳ.

ಆದರೂ ಒಬ್ಬ ದಾರಿ ಕಂಡುಕೊಂಡಿದ್ದ. ನೌಕಾಪಡೆಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ ತಮ್ಮ ಪ್ರಸಿದ್ಧ ದಿನಚರಿಯಲ್ಲಿ 1662ರ ಸೆಪ್ಟೆಂಬರ್‌ನ ಒಂದು ಹರಾಜನ್ನು ದಾಖಲಿಸಿದ್ದಾರೆ. ಹಡಗುಗಳ ಮಾರಾಟ ಅದು. ಉಳಿದವರಿಗಿಂತ ಚಾಲಾಕಿಯಾದ ಒಬ್ಬ ಪ್ರತಿ ಬಾರಿಯೂ ಕೊನೆಯ ಬಿಡ್ ಕೂಗುವುದರಲ್ಲಿ ಯಶಸ್ವಿಯಾಗುತ್ತಿದ್ದ. ಗುಟ್ಟೇನೆಂದು ಕೇಳಿದಾಗ ಆತ ಹೇಳಿದ್ದು ಇಷ್ಟೇ: ಜ್ವಾಲೆ ಆರುವ ಹೊತ್ತಿಗೆ ಹೊಗೆ ಕೆಳಕ್ಕೆ ಇಳಿಯುತ್ತದೆ, ಅದನ್ನು ನೋಡಿ ಕೂಗಿದರೆ ಸಾಕು. ಮುಕ್ತಾಯದ ಕ್ಷಣ ಒಬ್ಬರಿಗೆ ತಿಳಿದು ಉಳಿದವರಿಗೆ ತಿಳಿಯದಿದ್ದರೆ ಹರಾಜು ಯಾರ ಪಾಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ನಿಜವಾಗಿ ಲಾಭ ಎಷ್ಟು?

ಸ್ನೈಪಿಂಗ್ ಬಗ್ಗೆ ಇರುವ ಉತ್ಸಾಹಕ್ಕೆ ಹೋಲಿಸಿದರೆ ಅದರ ಲಾಭ ಸಣ್ಣದು. ಜೆಫ್ರಿ ಎಲಿ ಮತ್ತು ತಂಜಿಮ್ ಹುಸೇನ್ ಎಂಬ ಅರ್ಥಶಾಸ್ತ್ರಜ್ಞರು ಇಬೇಯಲ್ಲಿ ಹೊಸದಾಗಿ ಬಿಡುಗಡೆಯಾದ ಡಿವಿಡಿಗಳಿಗೆ ತಾವೇ ಬಿಡ್ ಮಾಡಿ ಪರೀಕ್ಷಿಸಿದರು. ಕೆಲವು ಹರಾಜುಗಳಲ್ಲಿ ಮೊದಲೇ ಬಿಡ್ ಮಾಡಿದರು, ಕೆಲವಲ್ಲಿ ಕೊನೆಯ ಕ್ಷಣದಲ್ಲಿ. 2009ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ತಡವಾಗಿ ಬಿಡ್ ಮಾಡಿದ್ದರಿಂದ ಲಾಭ ಇದ್ದದ್ದು ನಿಜ, ಆದರೆ ಅದರ ಪ್ರಮಾಣ ಅಲ್ಪ.

ಅಪಾಯವೂ ಇದೆ. ನೆಟ್‌ವರ್ಕ್ ನಿಧಾನವಾದರೆ, ಒಟಿಪಿ ತಡವಾದರೆ, ಪುಟ ತೆರೆದುಕೊಳ್ಳದಿದ್ದರೆ ಬಿಡ್ ತಲುಪುವುದೇ ಇಲ್ಲ. ರಾತ್ ಮತ್ತು ಓಕೆನ್‌ಫೆಲ್ಸ್ ಮಾತನಾಡಿಸಿದ ತಡ ಬಿಡ್‌ದಾರರಲ್ಲಿ ಹೆಚ್ಚಿನವರು, ಬಿಡ್ ತಲುಪುವ ಮೊದಲೇ ಹರಾಜು ಮುಗಿದ ಅನುಭವ ತಮಗೆ ಆಗಿದೆ ಎಂದಿದ್ದರು.

ಭಾರತದಲ್ಲಿ ಗಡಿಯಾರ ಹಿಗ್ಗುತ್ತದೆ

ಮುಂಬೈ, ಪುಣೆ, ಚೆನ್ನೈ, ದೆಹಲಿಯಲ್ಲಿರುವ ಕನ್ನಡಿಗರಿಗೆ ಇಂದು ಆನ್‌ಲೈನ್ ಹರಾಜು ಎದುರಾಗುವುದು ಹೆಚ್ಚಾಗಿ ಒಂದೇ ಕಡೆ: ಸಾಲ ತೀರಿಸದವರಿಂದ ಬ್ಯಾಂಕ್‌ಗಳು ವಶಪಡಿಸಿಕೊಂಡ ಮನೆ, ಫ್ಲ್ಯಾಟ್, ನಿವೇಶನಗಳ ಇ-ಹರಾಜು. ಸರ್ಫೇಸಿ ಕಾಯ್ದೆಯಡಿ ಇವು ನಡೆಯುತ್ತವೆ. ಸಾರ್ವಜನಿಕ ವಲಯದ ಬ್ಯಾಂಕ್‌ಗಳ ಆಸ್ತಿಗಳು 'ಬ್ಯಾಂಕ್‌ನೆಟ್' ಪೋರ್ಟಲ್‌ನಲ್ಲಿ ಪಟ್ಟಿಯಾಗುತ್ತವೆ. ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಸಿಗಬಹುದು ಎಂಬ ಆಸೆಯಿಂದ ಮೊದಲ ಬಾರಿ ಮನೆ ಕೊಳ್ಳುವವರೂ ಇಲ್ಲಿಗೆ ಬರುತ್ತಾರೆ.

ಇಲ್ಲಿ ಇಬೇ ತಂತ್ರ ಹಿಡಿದು ಕೂತರೆ ಎರಡು ಕಾರಣಕ್ಕೆ ಎಡವುತ್ತೀರಿ.

ಮೊದಲನೆಯದು, ಮಾರಾಟ ನೋಟಿಸ್‌ಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: 'ತಲಾ 5 ನಿಮಿಷಗಳ ಅನಿಯಮಿತ ವಿಸ್ತರಣೆ'. ಕೆಲವೆಡೆ ಇದು 10 ನಿಮಿಷವೂ ಆಗಿರಬಹುದು. ಕೊನೆಯ ನಿಮಿಷಗಳಲ್ಲಿ ಯಾರೇ ಬಿಡ್ ಮಾಡಿದರೂ ಸಮಯ ಮುಂದಕ್ಕೆ ಹೋಗುತ್ತದೆ, ಎದುರಾಳಿಗೆ ಯೋಚಿಸಲು ಅವಕಾಶ ಸಿಗುತ್ತದೆ. ಕೊನೆಯ ಸೆಕೆಂಡು ಎಂಬುದೇ ಇಲ್ಲಿ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಬಹುತೇಕ ಇಂತಹ ಹರಾಜುಗಳಲ್ಲಿ ನೀವು ಒತ್ತಿದ ಮೊತ್ತವೇ ನೀವು ಕೊಡಬೇಕಾದ ಬೆಲೆ. ಎರಡನೇ ಸ್ಥಾನದವರು ಎಷ್ಟು ಕಡಿಮೆ ಹೇಳಿದ್ದರೂ ರಿಯಾಯಿತಿ ಇಲ್ಲ. ಎದುರಾಳಿಯನ್ನು ಬೆದರಿಸಲೆಂದು ಒಮ್ಮೆಲೇ ಐದು ಲಕ್ಷ ಹಾರಿದರೆ ಆ ಐದು ಲಕ್ಷವೂ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಆತುರದಲ್ಲಿ ಒಂದು ಸೊನ್ನೆ ಹೆಚ್ಚು ಒತ್ತಿದರೆ ಏನಾಗಬಹುದು ಎಂದು ಬೇರೆ ಹೇಳಬೇಕಿಲ್ಲ.

52 ಲಕ್ಷದ ಫ್ಲ್ಯಾಟ್: ಒಂದು ಲೆಕ್ಕ

ಪುಣೆಯಲ್ಲಿ ಕೆಲಸ ಮಾಡುವ ದಂಪತಿಯೊಬ್ಬರು ಬ್ಯಾಂಕ್ ಹರಾಜಿನಲ್ಲಿ ಫ್ಲ್ಯಾಟ್‌ಗೆ ಪ್ರಯತ್ನಿಸುತ್ತಿದ್ದಾರೆ ಎಂದುಕೊಳ್ಳಿ. ಮೀಸಲು ಬೆಲೆ 40 ಲಕ್ಷ. ಸಾಮಾನ್ಯವಾಗಿ ಕೇಳುವಂತೆ ಶೇ 10ರಷ್ಟು, ಅಂದರೆ 4 ಲಕ್ಷ ಮುಂಗಡ ಠೇವಣಿ ಕಟ್ಟಿದ್ದಾರೆ. ಮನೆಯಲ್ಲಿ ಕೂತು ಹಾಕಿಕೊಂಡ ಮಿತಿ 46 ಲಕ್ಷ. ಪ್ರತಿ ಹೆಜ್ಜೆ 50,000.

ಬೆಲೆ 46 ಲಕ್ಷ ಮುಟ್ಟಿದಾಗ ಎದುರಾಳಿ ಇನ್ನೂ ಇದ್ದಾರೆ. 'ಇನ್ನೊಂದು ಐವತ್ತು ಸಾವಿರ' ಎನಿಸುತ್ತದೆ. ಗಡಿಯಾರ ಐದು ನಿಮಿಷ ಹಿಗ್ಗುತ್ತದೆ. ಎದುರಾಳಿ ಏರಿಸುತ್ತಾರೆ, ಮತ್ತೆ ಐದು ನಿಮಿಷ. ಹೀಗೆ ಇಬ್ಬರೂ ಸೇರಿ ಏರಿಸಿದ್ದು ಬರೀ 12 ಹೆಜ್ಜೆ. ಒಂದು ಗಂಟೆಯೊಳಗೆ ಬೆಲೆ 52 ಲಕ್ಷವಾಗುತ್ತದೆ. ದಂಪತಿ ಗೆಲ್ಲುತ್ತಾರೆ.

ಈಗ ನಿಯಮಗಳು ಶುರುವಾಗುತ್ತವೆ. ಬೆಲೆಯ ಶೇ 25ರಷ್ಟನ್ನು, ಅಂದರೆ 13 ಲಕ್ಷವನ್ನು ಅದೇ ದಿನ ಅಥವಾ ಮರುದಿನದ ಕೆಲಸದ ದಿನದೊಳಗೆ ಕಟ್ಟಬೇಕು. ಠೇವಣಿ ಕಳೆದರೆ ಇನ್ನೂ 9 ಲಕ್ಷ. ಉಳಿದ 39 ಲಕ್ಷವನ್ನು ಮಾರಾಟ ದೃಢೀಕರಣವಾದ 15 ದಿನಗಳೊಳಗೆ ಕೊಡಬೇಕು. ಲಿಖಿತ ಒಪ್ಪಿಗೆ ಇದ್ದರೆ ಈ ಗಡುವು ವಿಸ್ತರಣೆಯಾಗಬಹುದು, ಆದರೆ ಮೂರು ತಿಂಗಳು ಮೀರುವಂತಿಲ್ಲ. ಇದರ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ವೆಚ್ಚ, ಸೊಸೈಟಿಯ ಹಳೆ ಬಾಕಿ ಬೇರೆ.

ಗೃಹಸಾಲ 46 ಲಕ್ಷದ ಲೆಕ್ಕದಲ್ಲಿ ಮಾತನಾಡಿಟ್ಟಿದ್ದರೆ ಹೆಚ್ಚುವರಿ 6 ಲಕ್ಷ ಎಲ್ಲಿಂದ ಬರಬೇಕು? ಗಡುವಿನೊಳಗೆ ಹಣ ಹೊಂದದಿದ್ದರೆ ಕಟ್ಟಿದ 13 ಲಕ್ಷವನ್ನು ಬ್ಯಾಂಕ್ ಮುಟ್ಟುಗೋಲು ಹಾಕಿಕೊಳ್ಳಬಹುದು. ಇಂತಹ ಮುಟ್ಟುಗೋಲು ಕಾನೂನುಬದ್ಧ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಮನೆಯೂ ಇಲ್ಲ, ವರ್ಷಗಳ ಉಳಿತಾಯವೂ ಇಲ್ಲ ಎಂಬ ಸ್ಥಿತಿ ಬರಲು ಒಂದು ಗಂಟೆಯ ಬಿಸಿ ಸಾಕು.

ಸ್ನೈಪರ್‌ಗೆ ಸೋತರೆ ಹೋಗುವುದು ಒಂದು ಅವಕಾಶ ಮಾತ್ರ. ಹಿಗ್ಗುವ ಗಡಿಯಾರದಲ್ಲಿ ಮಿತಿ ಮೀರಿ ಗೆದ್ದರೆ ಹೋಗುವುದು ಕೈಯಲ್ಲಿರುವ ಹಣ.

ಠೇವಣಿ ಸಣ್ಣದಾದರೆ?

ಠೇವಣಿ ದೊಡ್ಡದಿರುವುದಕ್ಕೂ ಕಾರಣವಿದೆ. 2025ರ ನವೆಂಬರ್‌ನಲ್ಲಿ ಹರಿಯಾಣದ ಫ್ಯಾನ್ಸಿ ವಾಹನ ಸಂಖ್ಯೆಗಳ ಆನ್‌ಲೈನ್ ಹರಾಜಿನಲ್ಲಿ 'ಎಚ್‌ಆರ್ 88 ಬಿ 8888' ಸಂಖ್ಯೆ ದೇಶದ ಗಮನ ಸೆಳೆಯಿತು. ಮೂಲ ಬೆಲೆ 50,000 ರೂಪಾಯಿ. ಹರಾಜಿನ ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ 88 ಲಕ್ಷದಲ್ಲಿದ್ದ ಬಿಡ್, ಸಂಜೆ 5ಕ್ಕೆ ಮುಗಿದಾಗ 1.17 ಕೋಟಿ ರೂಪಾಯಿ ಆಗಿತ್ತು. ಆದರೆ ಗಡುವಿನೊಳಗೆ ಹಣ ಪಾವತಿಯಾಗಲಿಲ್ಲ. ಕೂಗಿದ ಮೊತ್ತ ಕೋಟಿಯಲ್ಲಿದ್ದರೂ ಪಣಕ್ಕಿದ್ದ ಠೇವಣಿ ಕೆಲವೇ ಸಾವಿರ. ಕೊನೆಯ ಗಂಟೆಗಳ ಬೆಲೆಗೆ ಎಷ್ಟು ಅರ್ಥವಿದೆ ಎಂಬುದು ಬಿಡ್‌ದಾರರು ಕಳೆದುಕೊಳ್ಳುವುದು ಎಷ್ಟು ಎಂಬುದರ ಮೇಲೆ ನಿಂತಿದೆ.

ತರಂಗಾಂತರದಿಂದ ಬ್ಯಾಡಗಿ ಮೆಣಸಿನಕಾಯಿಯವರೆಗೆ

ಕೊನೆಯ ಕ್ಷಣದ ಆಟ ತಪ್ಪಿಸಲು ಗಡಿಯಾರ ಹಿಗ್ಗಿಸುವುದೊಂದೇ ದಾರಿಯಲ್ಲ. ಇನ್ನೂ ಎರಡು ವಿಧಾನಗಳು ನಮ್ಮ ದೇಶದಲ್ಲೇ ಬಳಕೆಯಲ್ಲಿವೆ.

ಒಂದು, ಸುಮ್ಮನಿರುವವರನ್ನು ಹೊರಗಿಡುವುದು. 2010ರ 3ಜಿ ತರಂಗಾಂತರ ಹರಾಜು ಏಪ್ರಿಲ್ 9ರಿಂದ ಮೇ 19ರವರೆಗೆ ನಡೆಯಿತು. 34 ದಿನ, 183 ಸುತ್ತು, ಸರ್ಕಾರಕ್ಕೆ ಬಂದದ್ದು ಸುಮಾರು 67,719 ಕೋಟಿ ರೂಪಾಯಿ. ಪ್ರತಿ ಸುತ್ತಿನಲ್ಲೂ ಸಕ್ರಿಯವಾಗಿರದ ಕಂಪನಿಗೆ ಮುಂದಿನ ಸುತ್ತುಗಳಲ್ಲಿ ಬಿಡ್ ಮಾಡುವ ಅರ್ಹತೆ ಕಡಿಮೆಯಾಗುತ್ತಿತ್ತು. ಕೊನೆಯವರೆಗೆ ಅವಿತು ಕೂರಲು ಅವಕಾಶವೇ ಇರಲಿಲ್ಲ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ತರಂಗಾಂತರ ಹರಾಜಿಗೆ ಇಂತಹ ವಿನ್ಯಾಸ ರೂಪಿಸಿದ ಪಾಲ್ ಮಿಲ್‌ಗ್ರಮ್ ಮತ್ತು ರಾಬರ್ಟ್ ವಿಲ್ಸನ್‌ಗೆ 2020ರಲ್ಲಿ ನೊಬೆಲ್ ಸಂದಿತು.

ಇನ್ನೊಂದು, ಯಾರ ಬಿಡ್ ಯಾರಿಗೂ ಕಾಣದಂತೆ ಮಾಡುವುದು. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ವರ್ತಕರು ರಾಶಿ ಹಾಕಿದ ಮೆಣಸಿನಕಾಯಿಯನ್ನು ನೋಡಿ, ಲಾಟ್ ಸಂಖ್ಯೆಯ ಎದುರು ತಮ್ಮ ದರವನ್ನು ಆನ್‌ಲೈನ್‌ನಲ್ಲಿ ನಮೂದಿಸುತ್ತಾರೆ. ಪಕ್ಕದವರು ಎಷ್ಟು ಬರೆದರು ಎಂದು ಗೊತ್ತಾಗುವುದಿಲ್ಲ. ಸಮಯ ಮುಗಿದ ಮೇಲೆ ಕಂಪ್ಯೂಟರ್ ಅತಿ ಹೆಚ್ಚು ದರ ಹೇಳಿದವರನ್ನು ಆರಿಸುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತರು ನಿರಾಕರಿಸಬಹುದು. ಕರ್ನಾಟಕದ ಎಪಿಎಂಸಿಗಳನ್ನು ಜೋಡಿಸಲು 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯ ವಿಧಾನ ಇದು. ಎದುರಾಳಿಯ ದರವೇ ಕಾಣದಿದ್ದಾಗ ಮೊದಲ ನಿಮಿಷದ ಬಿಡ್‌ಗೂ ಕೊನೆಯ ಸೆಕೆಂಡಿನ ಬಿಡ್‌ಗೂ ವ್ಯತ್ಯಾಸವಿಲ್ಲ.

ಈ ಬಲೆಯಿಂದ ದೂರವಿರಿ: ಪೆನ್ನಿ ಆಕ್ಷನ್

ಹಿಗ್ಗುವ ಗಡಿಯಾರವನ್ನು ಗ್ರಾಹಕರ ವಿರುದ್ಧವೇ ಬಳಸಿದ ತಾಣಗಳೂ ಇವೆ. ಜರ್ಮನಿಯಲ್ಲಿ 2005ರಲ್ಲಿ ಹುಟ್ಟಿದ 'ಸ್ವೂಪೋ' ಇದರಲ್ಲಿ ಹೆಸರುವಾಸಿ. ಅಲ್ಲಿ ಪ್ರತಿ ಬಿಡ್‌ಗೂ ಶುಲ್ಕ ಕಟ್ಟಬೇಕಿತ್ತು, ಸೋತರೂ ಆ ಹಣ ವಾಪಸಿಲ್ಲ. ಪ್ರತಿ ಬಿಡ್ ಬೆಲೆಯನ್ನು ಚಿಲ್ಲರೆಯಷ್ಟು ಏರಿಸಿ, ಗಡಿಯಾರವನ್ನು ಕೆಲವು ಸೆಕೆಂಡು ಹಿಗ್ಗಿಸುತ್ತಿತ್ತು.

ಉದಾಹರಣೆಗೆ, 20,000 ರೂಪಾಯಿಯ ಫೋನ್. ಪ್ರತಿ ಬಿಡ್‌ಗೆ ಶುಲ್ಕ 20 ರೂಪಾಯಿ, ಬೆಲೆ ಏರುವುದು 1 ರೂಪಾಯಿ. ಫೋನ್ '1,500 ರೂಪಾಯಿಗೆ ಮಾರಾಟ' ಎಂದು ಜಾಹೀರಾತು ಬರುತ್ತದೆ. ಆದರೆ ಅಲ್ಲಿಗೆ ಮುಟ್ಟಲು 1,500 ಬಿಡ್‌ಗಳಾಗಿವೆ, ಶುಲ್ಕವೇ 30,000. ತಾಣಕ್ಕೆ ಬಂದದ್ದು ಒಟ್ಟು 31,500. ಸ್ವೂಪೋ ಹರಾಜುಗಳ ಬಗ್ಗೆ ನೆಡ್ ಆಗೆನ್‌ಬ್ಲಿಕ್ ನಡೆಸಿದ ಅಧ್ಯಯನದ ಪ್ರಕಾರ ತಾಣದ ಆದಾಯ ಸರಾಸರಿಯಲ್ಲಿ ವಸ್ತುವಿನ ಮೌಲ್ಯದ ಶೇ 150ರಷ್ಟಿತ್ತು. 'ಇಷ್ಟು ಹಾಕಿಯಾಯಿತು, ಈಗ ಬಿಡುವುದು ಹೇಗೆ' ಎಂಬ ಭಾವನೆಯೇ ಅದರ ಬಂಡವಾಳ. ಸ್ವೂಪೋ 2011ರಲ್ಲಿ ಮುಚ್ಚಿತು. ಬಿಡ್ ಮಾಡುವುದಕ್ಕೇ ಹಣ ಕೇಳುವ ಯಾವುದೇ ಆ್ಯಪ್ ಕಂಡರೆ ಈ ಲೆಕ್ಕ ನೆನಪಿಸಿಕೊಳ್ಳಿ.

ಬಿಡ್ ಮಾಡುವ ಮುನ್ನ ಗಮನಿಸಬೇಕಾದ ಅಂಶಗಳು

* ಹರಾಜು ಹೇಗೆ ಮುಗಿಯುತ್ತದೆ ಎಂದು ಮೊದಲು ಓದಿ. ನಿಗದಿತ ಸೆಕೆಂಡಿಗೋ, ವಿಸ್ತರಣೆ ಇದೆಯೋ, ಮುಚ್ಚಿದ ಬಿಡ್ಡೋ ತಿಳಿದುಕೊಳ್ಳಿ. ನಿಮ್ಮ ತಂತ್ರ ಇದರ ಮೇಲೆಯೇ ನಿಂತಿದೆ.

* ಗೆದ್ದರೆ ಕೊಡಬೇಕಾದದ್ದು ನೀವು ಬರೆದ ಮೊತ್ತವೋ, ಎರಡನೇ ಸ್ಥಾನದವರ ಮೊತ್ತಕ್ಕಿಂತ ಒಂದು ಹೆಜ್ಜೆ ಮೇಲಿನದೋ ಖಚಿತಪಡಿಸಿಕೊಳ್ಳಿ.

* ಮಿತಿಯನ್ನು ಹರಾಜಿನ ಹಿಂದಿನ ದಿನವೇ ಕಾಗದದ ಮೇಲೆ ಬರೆಯಿರಿ. ಮನೆಯಾದರೆ ಮುದ್ರಾಂಕ ಶುಲ್ಕ, ಬಾಕಿ, ದುರಸ್ತಿ ಎಲ್ಲವನ್ನೂ ಕಳೆದ ಮೇಲಿನ ಮೊತ್ತ ಅದಾಗಿರಲಿ.

* ಬ್ಯಾಂಕ್ ಹರಾಜಿನ ಆಸ್ತಿಗಳು 'ಇದ್ದ ಸ್ಥಿತಿಯಲ್ಲೇ' ಮಾರಾಟವಾಗುತ್ತವೆ. ಆಸ್ತಿಯನ್ನು ಕಣ್ಣಾರೆ ನೋಡಿ, ದಾಖಲೆಗಳನ್ನು ವಕೀಲರಿಗೆ ತೋರಿಸಿ, ಒಳಗೆ ಯಾರಾದರೂ ವಾಸವಿದ್ದಾರೆಯೇ ವಿಚಾರಿಸಿ.

* ಸಾಲ ಬೇಕಿದ್ದರೆ 15 ದಿನಗಳಲ್ಲಿ ಹಣ ಬಿಡುಗಡೆಯಾಗುತ್ತದೆಯೇ ಎಂದು ಮೊದಲೇ ಬ್ಯಾಂಕ್‌ನಲ್ಲಿ ಕೇಳಿ.

* ಹರಾಜಿನ ವೇಳೆ ಮನೆಯವರೊಬ್ಬರು ಪಕ್ಕದಲ್ಲಿರಲಿ. ಬರೆದಿಟ್ಟ ಮಿತಿ ಅವರ ಕೈಯಲ್ಲಿರಲಿ. ಅಂಕಿ ಒತ್ತಿದ ಮೇಲೆ ಸೊನ್ನೆಗಳನ್ನು ಅವರೂ ಒಮ್ಮೆ ಎಣಿಸಲಿ.

* ವಿದೇಶದಲ್ಲಿರುವ ಬಂಧುಗಳ ಮೂಲಕ ಇಬೇಯಲ್ಲಿ ಹಳೆಯ ಪುಸ್ತಕ, ಕ್ಯಾಮೆರಾ, ನಾಣ್ಯ ಕೊಳ್ಳುವವರು ಕೊನೆಯ ಕ್ಷಣದಲ್ಲಿ ಬಿಡ್ ಮಾಡಬಹುದು. ಆದರೆ ಒಂದೇ ಬಾರಿ, ತಮ್ಮ ನಿಜವಾದ ಮಿತಿಯನ್ನೇ ನಮೂದಿಸಲಿ.

ಅಂದು ಪೀಪ್ಸ್ ನೋಡಿದ ಚಾಲಾಕಿ ಬಿಡ್‌ದಾರನಿಗೆ ಹೊಗೆ ಇಳಿಯುವುದು ಕಂಡಿತ್ತು. ಇಂದಿನ ಬಿಡ್‌ದಾರರಿಗೆ ಅಷ್ಟು ಕಷ್ಟವಿಲ್ಲ. ಗಡಿಯಾರ ಹೇಗೆ ನಿಲ್ಲುತ್ತದೆ ಎಂಬುದು ಮಾರಾಟ ನೋಟಿಸ್‌ನಲ್ಲೇ ಅಚ್ಚಾಗಿರುತ್ತದೆ. ಠೇವಣಿ ಕಟ್ಟುವ ಮುನ್ನ ಆ ಸಾಲು ಹುಡುಕಿ ಓದಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ, ಕಾಗದದ ಮೇಲೆ ಬರೆದ ಮಿತಿ ಬಂದಾಗ ಪರದೆ ಮುಚ್ಚುವುದು.